ತಾತನ ಗ್ರಾಮಫೋನಿಗೆ ಯಾವ ಮುಳ್ಳು ಹಾಕಲಿ?

ತಾತನಪೆಟ್ಟಿಗೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಊರಿನ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ತಾತನ ಗ್ರಾಮಫೋನ್ ಕೆಳಗಿಳಿಯಿತು. ಎಚ್‌ಎಂವಿ ಕಂಪನಿಯ 102 ಅನ್ನೋ ಮಾದರಿ. ಕಪ್ಪು ಬಣ್ಣ, ಮುಚ್ಚಿಟ್ಟರೆ ಸೂಟ್‌ಕೇಸ್ ಥರ ಕಾಣುತ್ತೆ. ಕೀಲಿ ಕೊಟ್ಟ ತಕ್ಷಣ ತಟ್ಟೆ ತಿರುಗಿತು. ಅಷ್ಟು ವರ್ಷ ಕೊಬ್ಬರಿ ಮೂಟೆಗಳ ಹಿಂದೆ ಬಿದ್ದಿದ್ದ ಪೆಟ್ಟಿಗೆ! ಜೊತೆಗೆ ನಲವತ್ತು ಚಿಲ್ಲರೆ ಪ್ಲೇಟು ಸಿಕ್ಕಿವೆ. ಕಾಳಿಂಗರಾಯರು ಇದ್ದಾರೆ, ಕಂಪನಿ ನಾಟಕದ ಹಾಡುಗಳಿವೆ, ಚೌಡಯ್ಯನವರ ಪಿಟೀಲು ಒಂದು, 60ರ ದಶಕದ ಸಿನಿಮಾ ಹಾಡು ಏಳೆಂಟು.

ಎರಡು ಭಾನುವಾರ ಮನೆಮಂದಿಯೆಲ್ಲ ಕೂತು ಕೇಳಿದೆವು. ಈಗ ಭಯ ಶುರುವಾಗಿದೆ. ಮೊದಲ ದಿನ ಚೆನ್ನಾಗಿದ್ದ ಪ್ಲೇಟು ಈಗ ಒಗ್ಗರಣೆ ಹಾಕಿದ ಹಾಗೆ ಚರಚರ ಅನ್ನುತ್ತಿದೆ. ಬೆಳಕಿಗೆ ಹಿಡಿದರೆ ಕರಿ ಹೊಳಪಿನ ನಡುವೆ ಬೂದಿ ಬಣ್ಣದ ಪಟ್ಟಿ. ಯಂತ್ರದಲ್ಲಿ ಮೊದಲೇ ಇದ್ದ ಮುಳ್ಳನ್ನೇ ಎಲ್ಲದಕ್ಕೂ ಹಾಕಿದ್ದೆ. ಹಳೇ ಸಾಮಾನಿನ ಅಂಗಡಿಯವರೊಬ್ಬರನ್ನು ಕೇಳಿದರೆ "ಸ್ಟೀಲ್ ಅಲ್ವಾ ಮೇಡಂ, ವರ್ಷಗಟ್ಟಲೆ ಬರುತ್ತೆ" ಅಂದರು. ತಾತನ ಡಬ್ಬಿಯಲ್ಲಿ ಇನ್ನೂ ಐವತ್ತು ಮುಳ್ಳಿವೆ, ಅರ್ಧಕ್ಕೆ ತುಕ್ಕು.

ಲೌಡ್, ಮೀಡಿಯಂ, ಸಾಫ್ಟ್ ಅಂತೆಲ್ಲ ಮಾರುತ್ತಾರಲ್ಲ, ಯಾವುದು ತಗೊಳ್ಳಲಿ? ಬೂದಿ ಬಣ್ಣ ಹೋಗಿಸಲು ದಾರಿ ಇದೆಯಾ?

ಕೀಲಿಕೈ, ಮೈಸೂರು

ತಂಗಿ, ಮೊದಲು ಆ ಮುಳ್ಳು ಬಿಚ್ಚಿ ಪಕ್ಕಕ್ಕಿಡಿ. ಇವತ್ತೇ. ಬೂದಿ ಬಣ್ಣ ಹೋಗಲ್ಲ. ಅದು ಧೂಳಲ್ಲ, ಪ್ಲೇಟಿನಲ್ಲಿ ಮುಳ್ಳು ಓಡುವ ಗೆರೆಯ ಗೋಡೆಯೇ ತೇದು ಪುಡಿಯಾಗಿರುವುದು.

ನಿಯಮ ಒಂದೇ. ಸ್ಟೀಲ್ ಮುಳ್ಳು ಒಂದು ಮಗ್ಗುಲಿಗೆ ಒಂದು. ಪ್ಲೇಟು ಮಗುಚಿ ಹಾಕಿದರೆ ಮುಳ್ಳೂ ಹೊಸದು. ಹಳೇ ಎಚ್‌ಎಂವಿ ಡಬ್ಬಿಗಳ ಮೇಲೆಯೇ ಪ್ರತಿ ಮುಳ್ಳನ್ನೂ ಒಂದೇ ಸಲ ಬಳಸಿ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಜನ ಅದನ್ನು ಮುಳ್ಳು ಮಾರುವವರ ವ್ಯಾಪಾರದ ಉಪಾಯ ಅಂದುಕೊಂಡರು.

ಕಾರಣ ಹೇಳ್ತೀನಿ. ಪ್ಲೇಟು ಬರೀ ಅರಗಲ್ಲ. ಅರಗಿಗಿಂತ ಕಲ್ಲಿನ ಪುಡಿಯೇ ಜಾಸ್ತಿ, ಜೊತೆಗೆ ಹತ್ತಿಯ ನಾರು, ಕಪ್ಪಿಗೆ ಕಾಡಿಗೆ. ಆ ಕಲ್ಲಿನ ಪುಡಿ ಸುಮ್ನೆ ಅಗ್ಗಕ್ಕೆ ಅಂತ ಹಾಕಿದ್ದಲ್ಲ. ಗೆರೆಯೇ ಸಾಣೆಕಲ್ಲು. ಹೊಸ ಮುಳ್ಳು ಇಳಿದ ಮೊದಲ ಕೆಲವು ಸುತ್ತಿನಲ್ಲೇ ಅದರ ತುದಿ ತೇದು ಗೆರೆಯ ಆಕಾರಕ್ಕೆ ಕೂತುಕೊಳ್ಳುತ್ತೆ. ಅಂದರೆ ಪ್ಲೇಟು ಮುಳ್ಳನ್ನು ತಿನ್ನಬೇಕು, ಮುಳ್ಳು ಪ್ಲೇಟನ್ನು ತಿನ್ನಬಾರದು. ಮೂರು ನಿಮಿಷದ ಹಾಡು ಮುಗಿಯುವ ಹೊತ್ತಿಗೆ ತುದಿಯ ಎರಡೂ ಕಡೆ ಚಪ್ಪಟೆಯಾಗಿರುತ್ತೆ. ಅದನ್ನೇ ಇನ್ನೊಂದು ಪ್ಲೇಟಿಗೆ ಇಳಿಸಿದರೆ ಬಡಗಿಯ ಉಳಿ ಇಳಿಸಿದ ಹಾಗೆ.

ಇನ್ನೊಂದು ಮಾತು. ಒಮ್ಮೆ ಬಳಸಿದ ಮುಳ್ಳನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತೇದ ಅಂಚು ಆಗ ಗೆರೆಗೆ ಅಡ್ಡ ನಿಲ್ಲುತ್ತೆ. ಅದಕ್ಕಿಂತ ಕೆಟ್ಟದ್ದು ಇಲ್ಲ.

ಅರಗಿನಮನೆ, ಚನ್ನಪಟ್ಟಣ

ಕೀಲಿಕೈ ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ. ಹತ್ತು ಇಂಚಿನ ಪ್ಲೇಟು ಮೂರು ನಿಮಿಷ ಓಡುತ್ತೆ. ನಿಮಿಷಕ್ಕೆ 78 ಸುತ್ತು, ಒಟ್ಟು 234. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಸರಾಸರಿ ಸುತ್ತಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿದರೂ ಮುಳ್ಳು ಒಂದು ಮಗ್ಗುಲಲ್ಲಿ 120 ಮೀಟರಿಗಿಂತ ಹೆಚ್ಚು ದೂರ ಕಲ್ಲಿನ ಪುಡಿಯ ಮೇಲೆ ಉಜ್ಜಿಕೊಂಡು ಹೋಗುತ್ತೆ. ಅದೂ ನೂರು ಗ್ರಾಂ ಮೀರಿದ ಭಾರ ಹೊತ್ತುಕೊಂಡು. ಎರಡು ಭಾನುವಾರಕ್ಕೆ ಇಪ್ಪತ್ತು ಮಗ್ಗುಲು ಅಂದರೂ ಎರಡೂವರೆ ಕಿಲೋಮೀಟರ್ ಆಯ್ತು. ಚಪ್ಪಲಿ ಇಲ್ಲದೆ ಕಂಕರ್ ರಸ್ತೆಯಲ್ಲಿ ನಡೆದ ಹಾಗೆ.

ಅರಗು ಅಂದಾಗ ನೆನಪಾಯ್ತು. ನಮ್ಮೂರಿನ ಬೊಂಬೆಗೆ ಹಚ್ಚುವುದೂ ಇದೇ ಅರಗು. ಮರದ ಮೇಲೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹತ್ತುತ್ತೆ. ಹಾಗಾಗಿ ಎರಡು ಎಚ್ಚರಿಕೆ. ಪ್ಲೇಟನ್ನು ಬಿಸಿಲಲ್ಲಿ ಇಡಬೇಡಿ, ಹಪ್ಪಳದ ಥರ ಸೊಟ್ಟಗಾಗುತ್ತೆ. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಮೊಬೈಲ್ ಪರದೆ ಒರೆಸುವ ದ್ರಾವಣದಲ್ಲೂ ಅನೇಕ ಸಲ ಅದೇ ಇರುತ್ತೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರು ಸಾಕು. ಲೇಬಲ್ ಒದ್ದೆ ಮಾಡದೆ ಮೆತ್ತಗಿನ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ, ನೆರಳಲ್ಲಿ ಒಣಗಿಸಿ.

ಎರಡಾಣೆ, ದಾವಣಗೆರೆ

ನನ್ನದು ಸ್ವಲ್ಪ ಬೇರೆ ಅನುಭವ. ನಮ್ಮಪ್ಪ ಒಂದು ಮುಳ್ಳಿಗೆ ಆರು ಪ್ಲೇಟು ಹಾಕುತ್ತಿದ್ದರು. ಏನೂ ಆಗಲಿಲ್ಲ. ಈಗ ನಲವತ್ತು ಪ್ಲೇಟಿಗೆ ಎಂಬತ್ತು ಮುಳ್ಳು ಅಂದರೆ ದುಡ್ಡು ಎಲ್ಲಿಂದ ತರೋದು? ಕ್ರೋಮಿಯಂ ಮುಳ್ಳು ಅಂತ ಬರುತ್ತಿತ್ತಲ್ಲ, ಅದು ಹಲವು ಮಗ್ಗುಲಿಗೆ ಬರುತ್ತೆ ಅಂತ ಕಂಪನಿಯವರೇ ಬರೆದಿದ್ದರು. ಅದನ್ನು ಯಾಕೆ ಯಾರೂ ಹೇಳ್ತಿಲ್ಲ?

ಕೀಲಿಕೈ, ಮೈಸೂರು

ಎರಡಾಣೆ ಸರ್, ಏನೂ ಆಗಲಿಲ್ಲ ಅಂತ ಹೇಗೆ ಗೊತ್ತು? ಅಪ್ಪನವರ ಪ್ಲೇಟುಗಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಾತಾಡೋಣ. ನನ್ನ ಹತ್ತಿರ ರಿಪೇರಿಗೆ ಬರುವ ಹತ್ತು ಪೆಟ್ಟಿಗೆಯ ಜೊತೆ ಬಂದ ಪ್ಲೇಟುಗಳಲ್ಲಿ ಆರೇಳಾದರೂ ಬೂದಿ. ಮನೆಯವರಿಗೆ ಹೆಚ್ಚು ಇಷ್ಟವಾದ ಹಾಡೇ ಹೆಚ್ಚು ಬೂದಿ. ಅದೇ ಬೇಜಾರು.

ಕ್ರೋಮಿಯಂ ಮುಳ್ಳು ಗಟ್ಟಿ ಲೇಪನದ್ದು. ಮುಳ್ಳು ಗಟ್ಟಿಯಾದಷ್ಟೂ ಪ್ಲೇಟು ಜಾಸ್ತಿ ಸವೆಯುತ್ತೆ. ಲೇಪನ ಯಾವಾಗ ಕಿತ್ತುಹೋಯಿತು ಅಂತ ಕಣ್ಣಿಗೆ ಕಾಣಲ್ಲ. ಅಮೆರಿಕದ ವಿಕ್ಟರ್ ಕಂಪನಿಯ ಟಂಗ್‌ಸ್ಟೋನ್ ಅಂತ ಇನ್ನೊಂದಿತ್ತು. ಅದರ ತುದಿಯಲ್ಲಿ ಟಂಗ್‌ಸ್ಟನ್ನಿನ ಸಣ್ಣ ತಂತಿ. ತಂತಿ ಉದ್ದಕ್ಕೂ ಒಂದೇ ದಪ್ಪ, ಹಾಗಾಗಿ ಎಷ್ಟು ತೇದರೂ ಅಗಲವಾಗಲ್ಲ. ಐಡಿಯಾ ಬಹಳ ಚೆನ್ನಾಗಿದೆ. ಆದರೆ ಇವತ್ತು ಕೈಗೆ ಸಿಗುವ ಹಳೇ ಟಂಗ್‌ಸ್ಟೋನ್ ಎಷ್ಟು ಓಡಿದೆ ಅಂತ ಯಾರಿಗೆ ಗೊತ್ತು? ನಾನು ಅಪರೂಪದ ಪ್ಲೇಟಿಗೆ ಅದನ್ನು ಮುಟ್ಟಿಸಲ್ಲ.

ದುಡ್ಡಿನ ಮಾತು. ಒಂದು ಸ್ಟೀಲ್ ಮುಳ್ಳು ಒಂದು ಕಾಫಿಯಷ್ಟೂ ಆಗಲ್ಲ. ಆ ಪ್ಲೇಟು ಮತ್ತೆ ಸಿಗುತ್ತಾ?

ಹುಬ್ಬಳ್ಳಿ_ಹಳಬ, ಹುಬ್ಬಳ್ಳಿ

ನಮ್ಮ ಕಡೆಯೂ ಇದಕ್ಕೆ ಮುಳ್ಳು ಅಂತಲೇ ಅನ್ನೋದು. ಕೆಲವರು ಪಿನ್ನು ಅಂತಾರ. ನಾನು ಮಾತ್ರ ಹೆಸರಿಗೆ ತಕ್ಕ ಹಾಗೆ ನಿಜವಾದ ಮುಳ್ಳನ್ನೇ ಹಾಕಿ ನೋಡೀನಿ. ನಗಬ್ಯಾಡ್ರಿ.

ಇಂಗ್ಲೆಂಡಿನಲ್ಲಿ ಕಳ್ಳಿ ಮುಳ್ಳಿನ ಸೂಜಿ ಮಾರುತ್ತಿದ್ದರು ಅಂತ ಓದಿದ್ದೆ. ನಮ್ಮಲ್ಲಿ ಮುಳ್ಳಿಗೆ ಬರಗಾಲ ಇದೆಯೇನು? ಮೊದಲು ಪಾಪಸುಕಳ್ಳಿ. ಬಹಳ ಸಣ್ಣ, ಸ್ಕ್ರೂ ಬಿಗಿ ಮಾಡಿದ ಕೂಡಲೇ ಪಟ್ ಅಂತು. ಆಮೇಲೆ ಬಳ್ಳಾರಿ ಜಾಲಿ. ಉದ್ದ, ನೆಟ್ಟಗೆ, ಬುಡದಲ್ಲಿ ದಪ್ಪ. ಎರಡು ತಿಂಗಳು ನೆರಳಲ್ಲಿ ಒಣಗಿಸಿ ಬುಡ ಕೆತ್ತಿ ಸೌಂಡ್‌ಬಾಕ್ಸಿಗೆ, ಅಂದರೆ ಮುಳ್ಳು ಹಿಡಿದು ದನಿ ಎಬ್ಬಿಸುವ ಗುಂಡು ಡಬ್ಬಿಗೆ, ಕೂಡಿಸಿದೆ. ತುದಿಯನ್ನು ನಯವಾದ ಸ್ಯಾಂಡ್ ಪೇಪರ್ ಮೇಲೆ ಬೆರಳಲ್ಲಿ ಉರುಳಿಸಿ ಉರುಳಿಸಿ ಚೂಪು ಮಾಡಿದೆ. ಬೇಡವಾದ ಒಂದು ಪ್ಲೇಟಿನ ಮೇಲೆ ಇಳಿಸಿದೆ.

ದನಿ ಬಂತು ನೋಡ್ರಿ! ಸಣ್ಣ ದನಿ, ಆದರೆ ಚರಚರ ಅರ್ಧಕ್ಕರ್ಧ ಕಡಿಮೆ. ಪಕ್ಕದ ಕೋಣೆಯಲ್ಲಿ ಯಾರೋ ಹಾಡಿದ ಹಾಗೆ. ಒಂದೂವರೆ ನಿಮಿಷ ಸ್ವರ್ಗ. ಆಮೇಲೆ ತುದಿ ಮಡಚಿಕೊಂಡು ಬರೀ ಗೊರಗೊರ. ಎಂಟು ಮುಳ್ಳಲ್ಲಿ ಪೂರ್ತಿ ಮಗ್ಗುಲು ಮುಟ್ಟಿದ್ದು ಎರಡೇ.

ಸೂಜಿಗಲ್ಲು, ಬರ್ಮಿಂಗ್‌ಹ್ಯಾಮ್

ಹಳಬರೇ, ನಿಮ್ಮ ಜಾಲಿ ಮುಳ್ಳಿಗೆ ಸಾಷ್ಟಾಂಗ ನಮಸ್ಕಾರ.

ನಾನಿರುವ ಜಾಗದಿಂದ ರೆಡ್ಡಿಚ್ ಊರು ಹತ್ತಿರ. ಸೂಜಿ ಮಾಡುವುದಕ್ಕೇ ಹೆಸರಾಗಿದ್ದ ಊರು. ಅಲ್ಲಿ ಫೋರ್ಜ್ ಮಿಲ್ ಅನ್ನೋ ಸೂಜಿ ಮ್ಯೂಸಿಯಂ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೊಲಿಗೆ ಸೂಜಿ ಮಾಡಿ ಕೈ ಪಳಗಿದ್ದವರಿಗೆ ಗ್ರಾಮಫೋನ್ ಬಂದಾಗ ಇನ್ನೊಂದು ವ್ಯಾಪಾರ ಸಿಕ್ಕಿತು. ಸಾಂಗ್‌ಸ್ಟರ್ ಡಬ್ಬಿಯ ಮುಳ್ಳುಗಳು ಶೆಫೀಲ್ಡಿನವು. ಜರ್ಮನಿಯಲ್ಲಿ ನ್ಯೂರೆಂಬರ್ಗ್, ಶ್ವಾಬಾಖ್ ಕಡೆಯವು, ಹೆರಾಲ್ಡ್ ಡಬ್ಬಿ ಅಲ್ಲಿಯದೇ. ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಖಾಲಿ ಡಬ್ಬಿಗೇ ಮುಳ್ಳಿಗಿಂತ ಜಾಸ್ತಿ ಬೆಲೆ. ಡಬ್ಬಿ ಕೂಡಿಹಾಕುವವರೇ ಬೇರೆ ಒಂದು ಜಾತಿ.

ಮುಳ್ಳಿನ ಸೂಜಿಯ ಹುಚ್ಚು ಇಲ್ಲಿ 1930ರ ದಶಕದಲ್ಲಿ ಜೋರಾಗಿತ್ತು. ಲಂಡನ್ನಿನ ಇಎಂಜಿ ಅನ್ನೋ ಕಂಪನಿ ಕಾಗದದ ತಿರುಳಿನಲ್ಲಿ ಮಾಡಿದ ಭಾರೀ ಹಾರ್ನಿನ ಗ್ರಾಮಫೋನ್ ಮಾಡುತ್ತಿತ್ತು. ಆನೆ ಕಿವಿಯಷ್ಟು ದೊಡ್ಡದು. ಅದರವರು ಸ್ಟೀಲ್ ಮುಟ್ಟುತ್ತಲೇ ಇರಲಿಲ್ಲ, ಬಿದಿರಿನ ಫೈಬರ್ ಇಲ್ಲವೇ ಕಳ್ಳಿ ಮುಳ್ಳು. ಗುಟ್ಟು ಅದೇ ನೋಡಿ. ಮೆತ್ತಗಿನ ತುದಿಯಿಂದ ಬರುವ ಸಣ್ಣ ದನಿಯನ್ನು ದೊಡ್ಡ ಹಾರ್ನ್ ಎತ್ತಿಕೊಡುತ್ತೆ. 102ರಂಥ ಕೈಪೆಟ್ಟಿಗೆಯಲ್ಲಿ ಹಾರ್ನು ಪೆಟ್ಟಿಗೆಯೊಳಗೇ ಮಡಚಿಕೊಂಡಿರುತ್ತೆ, ಅಷ್ಟು ಕೈಲಾಗಲ್ಲ.

ಬಿದಿರಿನ ಸೂಜಿಗೆ ಮೂರು ಮೂಲೆ. ಅದಕ್ಕೆ ಮೂರು ಮೂಲೆಯ ತೂತಿರುವ ಸೌಂಡ್‌ಬಾಕ್ಸ್ ಬೇಕು, ಇಲ್ಲವೇ ನಡುವೆ ಒಂದು ಅಡಾಪ್ಟರ್. ತುದಿ ಸವೆದರೆ ಒಂದು ಕತ್ತರಿಯಂಥ ಸಾಧನದಲ್ಲಿ ಓರೆಯಾಗಿ ಕತ್ತರಿಸಿ ಮತ್ತೆ ಹಾಕುವುದು. ಒಂದು ಸೂಜಿಗೆ ಎಂಟು ಹತ್ತು ಸಲ ಕತ್ತರಿ ಹಾಕಬಹುದು. ಎರಡಾಣೆ ಸರ್‌ಗೆ ಇದು ಹಿಡಿಸಬಹುದು ಅನ್ನಿಸ್ತು, ಅದಕ್ಕೇ ಹೇಳಿದೆ!

ಕೀಲಿಕೈ, ಮೈಸೂರು

ಒಂದು ತಿದ್ದುಪಡಿ. ಬಿದಿರು, ಮುಳ್ಳು ಇವೆಲ್ಲ ಹೊಳಪು ಉಳಿದಿರುವ ಪ್ಲೇಟಿಗೆ ಮಾತ್ರ. ಬೂದಿಯಾದ ಪ್ಲೇಟಿನ ಗೋಡೆ ಗರಗಸದ ಥರ ಇರುತ್ತೆ, ಬಿದಿರಿನ ತುದಿ ಅರ್ಧ ಹಾಡಿಗೇ ಕುಸಿಯುತ್ತೆ. ಹಳಬರ ಜಾಲಿ ಮುಳ್ಳು ಮಡಚಿದ್ದಕ್ಕೂ ಬಹುಶಃ ಅದೇ ಕಾರಣ, ಬೇಡವಾದ ಪ್ಲೇಟು ಅಂದರಲ್ಲ. ಮೆತ್ತಗಿನ ತುದಿಗೆ ಕಲ್ಲಿನ ಪುಡಿ ಅಂಟಿ ಅದೇ ಸಾಣೆಯಾಗುತ್ತೆ ಅಂತ ವಾದ ಮಾಡುವವರೂ ಇದ್ದಾರೆ. ಆ ಜಗಳಕ್ಕೆ ನಾನು ಬರಲ್ಲ.

ಈಗ ತಂಗಿಯ ಮೂಲ ಪ್ರಶ್ನೆ. ಲೌಡ್ ಅಂದರೆ ದಪ್ಪ, ಗಟ್ಟಿ ಮುಳ್ಳು. ಗೆರೆಯ ಅಲುಗಾಟ ಪೂರ್ತಿ ಸೌಂಡ್‌ಬಾಕ್ಸಿಗೆ ಮುಟ್ಟುತ್ತೆ. ಸಾಫ್ಟ್ ಅಂದರೆ ಸಣ್ಣ ಮುಳ್ಳು. ತಾನೇ ಸ್ವಲ್ಪ ಬಾಗುತ್ತೆ, ಹಾಗಾಗಿ ದನಿ ಕಡಿಮೆ, ಚರಚರವೂ ಕಡಿಮೆ. ಹೆಸರು ದನಿಯದು, ಲೋಹದ್ದಲ್ಲ. ಸಾಫ್ಟ್ ಅಂದ ಮಾತ್ರಕ್ಕೆ ಮೆತ್ತಗಿನ ಸ್ಟೀಲ್ ಅಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಯಾವ ಪ್ಲೇಟಿಗೆ ಯಾವುದು ಅನ್ನೋದಕ್ಕೆ ಮೊದಲು ಪ್ಲೇಟಿನ ವಯಸ್ಸು ನೋಡಬೇಕು. 1925ಕ್ಕೆ ಮುಂಚಿನವು ಹಾರ್ನಿನ ಮುಂದೆ ಕೂತು ಕೂಗಿ ಹಾಡಿದವು. ಮೈಕ್ ಇರಲಿಲ್ಲ. ಅವುಗಳ ದನಿಯೇ ಸಣ್ಣ, ಲೌಡ್ ಮುಳ್ಳು ಹಾಕಿದರೆ ತಪ್ಪಿಲ್ಲ. ಆಮೇಲೆ ಮೈಕ್ ಬಂತು, ಗೆರೆಯ ಅಲುಗಾಟ ಜಾಸ್ತಿಯಾಯಿತು. 50, 60ರ ದಶಕದ ಸಿನಿಮಾ ಹಾಡಿನ ಪ್ಲೇಟು ಅಂತೂ ಬಹಳ ಜೋರು. ಅದಕ್ಕೆ ಲೌಡ್ ಮುಳ್ಳು ಹಾಕಿದರೆ ಕೋಣೆ ಅದುರುತ್ತೆ, ಗೆರೆಯೂ ಹರಿಯುತ್ತೆ. ನಿಮ್ಮ 102ಕ್ಕೆ, ನಿಮ್ಮ ಪ್ಲೇಟುಗಳಿಗೆ ನನ್ನ ಉತ್ತರ ಸಾಫ್ಟ್. ಚೌಡಯ್ಯನವರದ್ದಕ್ಕೆ ಬೇಕಾದರೆ ಮೀಡಿಯಂ.

ಅರಗಿನಮನೆ, ಚನ್ನಪಟ್ಟಣ

ಅಣ್ಣ, ಸೌಂಡ್‌ಬಾಕ್ಸ್ ವಿಷಯ ಬಿಟ್ಟುಬಿಟ್ಟಿರಿ. ಹಳೇ ಹಾರ್ನಿನ ಯಂತ್ರಗಳಲ್ಲಿ ಎಕ್ಸಿಬಿಷನ್ ಸೌಂಡ್‌ಬಾಕ್ಸ್ ಇರುತ್ತೆ. ಅದರೊಳಗೆ ಅದುರಿ ದನಿ ಕೊಡುವ ಪರದೆ ಅಭ್ರಕ, ನಮ್ಮ ಕಡೆ ಕಾಗೆಬಂಗಾರ ಅಂತಾರಲ್ಲ ಅದು. ಅಂಥದ್ದರಲ್ಲಿ 60ರ ಸಿನಿಮಾ ಪ್ಲೇಟು ಹಾಕಿದರೆ ಮುಳ್ಳು ಯಾವುದಾದರೂ ಒಂದೇ, ಪ್ಲೇಟಿಗೆ ಏಟು ಬೀಳುತ್ತೆ. 102ರಲ್ಲಿ ಹೆಚ್ಚಾಗಿ 5ಎ ಇಲ್ಲವೇ 5ಬಿ ಸೌಂಡ್‌ಬಾಕ್ಸ್ ಇರುತ್ತೆ, ಅಲ್ಯೂಮಿನಿಯಂ ಪರದೆ, ಅದು ಮೈಕ್ ಕಾಲದ ಪ್ಲೇಟಿಗೇ ಮಾಡಿದ್ದು. ಆದರೆ ರಬ್ಬರ್ ನೋಡಿ ತಂಗಿ. ಸೌಂಡ್‌ಬಾಕ್ಸ್ ಹಿಂದಿನ ರಬ್ಬರ್ ಎಪ್ಪತ್ತು ಎಂಬತ್ತು ವರ್ಷಕ್ಕೆ ಕಲ್ಲಾಗಿರುತ್ತೆ. ಉಗುರಿನಲ್ಲಿ ಒತ್ತಿದರೆ ತಗ್ಗಬೇಕು. ತಗ್ಗಲಿಲ್ಲ ಅಂದರೆ ಒಳ್ಳೇ ಮುಳ್ಳು ಹಾಕಿಯೂ ಪ್ರಯೋಜನ ಕಡಿಮೆ.

ತಾತನಪೆಟ್ಟಿಗೆ, ತಿಪಟೂರು

ಅಯ್ಯೋ, ಇಷ್ಟೆಲ್ಲ ಇದೆಯಾ! ಉಗುರಲ್ಲಿ ಒತ್ತಿ ನೋಡಿದೆ. ಕಲ್ಲೇ. ಮೈಸೂರಿಗೆ ತರ್ತೀನಿ ಕೀಲಿಕೈ ಅಣ್ಣ, ಬಿಡುವು ಯಾವಾಗ ಹೇಳಿ.

ಆ ಹಳೇ ಮುಳ್ಳನ್ನು ಅಣ್ಣನ ಮಗನ ಭೂತಗನ್ನಡಿಯಲ್ಲಿ ನೋಡಿದೆ. ನಿಜಕ್ಕೂ ಉಳಿಯ ಥರ ಇದೆ! ಪಕ್ಕದಲ್ಲಿ ಡಬ್ಬಿಯ ಹೊಸ ಮುಳ್ಳು ಇಟ್ಟರೆ ದೋಸೆ ಮಗುಚುವ ಕೈಗೂ ದಬ್ಬಳಕ್ಕೂ ಇರುವಷ್ಟು ವ್ಯತ್ಯಾಸ. ಹೊಟ್ಟೆ ಉರಿಯಿತು.

ಇನ್ನು ಎರಡು ಪ್ರಶ್ನೆ. ಡಬ್ಬಿಯಲ್ಲಿರುವ ತುಕ್ಕು ಹಿಡಿದ ಮುಳ್ಳನ್ನು ಉಜ್ಜಿ ಬಳಸಬಹುದಾ? ಮತ್ತೆ, ನಮ್ಮ ಅತ್ತೆ ಮಗನ ಹತ್ತಿರ ಎಲ್‌ಪಿ ಇವೆ, ಇದರಲ್ಲೇ ಹಾಕೋಣ ಅಂತ ಕುಣೀತಿದ್ದಾನೆ.

ಪಡುವಣ, ಉಡುಪಿ

ತುಕ್ಕಿನ ವಿಷಯಕ್ಕೆ ಕರಾವಳಿಯವರನ್ನು ಕೇಳಬೇಕು! ತುಕ್ಕು ಮುಳ್ಳು ಎಸೆಯಿರಿ ಮಾರಾಯ್ರೆ. ತುದಿಯಲ್ಲಿ ಕಣ್ಣಿಗೆ ಕಾಣದ ಗುಂಡಿ ಇರ್ತದೆ, ಉಜ್ಜಿದರೆ ತುದಿಯ ಆಕಾರವೇ ಹೋಗ್ತದೆ. ಚೆನ್ನಾಗಿರುವುದನ್ನು ಮಾತ್ರ ಆರಿಸಿ, ಮುಚ್ಚಳ ಗಟ್ಟಿ ಇರುವ ಸಣ್ಣ ಡಬ್ಬಿಗೆ ಹಾಕಿ. ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದು ಜೊತೆಗಿರಲಿ. ನಮ್ಮಲ್ಲಿ ಜೂನ್ ಬಂದರೆ ಒಂದೇ ವಾರಕ್ಕೆ ಹೊಸ ಮುಳ್ಳೂ ಕೆಂಪಾಗ್ತದೆ. ಮಳೆಗಾಲ ಪೂರ್ತಿ ನಾನು ಡಬ್ಬಿಯನ್ನು ಅಕ್ಕಿ ಡ್ರಮ್ಮಿನಲ್ಲಿ ಹುಗಿಸಿಡುವುದು. ಒಂದು ಸಲ ಅಮ್ಮ ಅನ್ನಕ್ಕೆ ಅಕ್ಕಿ ತೆಗೆಯುವಾಗ ಡಬ್ಬಿ ಬಾಯಿ ತೆರೆದುಕೊಂಡು ಹದಿನೈದು ಮುಳ್ಳು ಅಕ್ಕಿಯಲ್ಲಿ ಬಿತ್ತು. ಆ ದಿನ ಮನೆಯಲ್ಲಿ ಏನು ನಡೆಯಿತು ಅಂತ ಬರೆಯುವುದಿಲ್ಲ. ಈಗ ಡಬ್ಬಿಗೆ ಎರಡು ರಬ್ಬರ್ ಬ್ಯಾಂಡ್ ಇದೆ.

ಕೀಲಿಕೈ, ಮೈಸೂರು

ಎಲ್‌ಪಿ ಬೇಡ. ಬೇಡವೇ ಬೇಡ. ಎಲ್‌ಪಿ ಮೆತ್ತಗಿನ ವಿನೈಲ್. ಅದರ ಗೆರೆ ಕೂದಲಿನಷ್ಟು ಸಣ್ಣ, ಅದಕ್ಕೆ ಒಂದೂವರೆ ಎರಡು ಗ್ರಾಂ ಭಾರದ ಸೂಜಿ ಸಾಕು. ನಿಮ್ಮ ಪೆಟ್ಟಿಗೆಯ ಸೌಂಡ್‌ಬಾಕ್ಸ್ ಅದರ ಐವತ್ತು ಪಟ್ಟಿಗೂ ಹೆಚ್ಚು ಭಾರ. ಉಳುಮೆ ಮಾಡಿದ ಹಾಗಾಗುತ್ತೆ. 33, 45 ಅಂತ ಬರೆದಿರುವುದು ಯಾವುದನ್ನೂ ಹಾಕಬೇಡಿ. ಸಂದೇಹ ಇದ್ದರೆ ಕೈಯಲ್ಲಿ ಹಿಡಿಯಿರಿ. ಅರಗಿನ ಪ್ಲೇಟು ಭಾರ, ಬಾಗಲ್ಲ, ಬೆರಳ ಗೆಣ್ಣಿನಿಂದ ತಟ್ಟಿದರೆ ಹಂಚಿನ ಹಾಗೆ ಟಣ್ ಅನ್ನುತ್ತೆ.

ಹಾಗೇ ಪಾಥೆ ಕಂಪನಿಯ ತೀರಾ ಹಳೇ ಪ್ಲೇಟು ಸಿಕ್ಕರೂ ಸ್ಟೀಲ್ ಮುಟ್ಟಿಸಬೇಡಿ. ಅದರ ಗೆರೆ ಪಕ್ಕಕ್ಕೆ ಅಲ್ಲ, ಮೇಲೆ ಕೆಳಗೆ ಏರಿಳಿಯುತ್ತೆ, ಅದಕ್ಕೆ ನೀಲಮಣಿಯ ಗುಂಡು ಬೇಕು. ನಮ್ಮ ದೇಶದಲ್ಲೂ ಇವೆ ಅವು. ಕಲ್ಕತ್ತೆಯ ಎಚ್. ಬೋಸ್ ಅವರ ಪ್ಲೇಟುಗಳನ್ನು ಪಾಥೆಯವರೇ ಒತ್ತಿ ಕೊಡುತ್ತಿದ್ದರು. ಎಡಿಸನ್ನರ ದಪ್ಪ ಡೈಮಂಡ್ ಡಿಸ್ಕಿಗೂ ಇದೇ ಮಾತು.

ಹುಬ್ಬಳ್ಳಿ_ಹಳಬ, ಹುಬ್ಬಳ್ಳಿ

ಎಲ್ಲರೂ ಯಂತ್ರದ ಮಾತೇ ಆಡ್ತೀರಿ. ಪ್ಲೇಟಿನ ಬೆಲೆ ಎಷ್ಟು ಅಂತ ನಮ್ಮ ಕಡೆಯವರನ್ನು ಕೇಳ್ರಿ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಒಂದು ಪ್ಲೇಟು ಕೇಳಿ ಹುಚ್ಚು ಹಿಡಿದು, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು. ಆ ಪ್ಲೇಟಿಗೆ ಯಾರೋ ಆರನೇ ಸಲದ ಮುಳ್ಳು ಹಾಕಿ ಬೂದಿ ಮಾಡಿದ್ದರೆ? ಹುಡುಗ ಮನೆಯಲ್ಲೇ ಇರುತ್ತಿದ್ದನೇನೋ!

ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನೋ ಹೆಸರಲ್ಲಿ ಬಂದಿದ್ದವು. ಅವರ ದನಿ ಇನ್ನೂ ಎಳೆಯದಾಗಿದ್ದಾಗಿನವು. ನನ್ನ ಹತ್ತಿರ ಒಂದಿದೆ. ವರ್ಷಕ್ಕೊಮ್ಮೆ ಮಾತ್ರ ಹಾಕ್ತೀನಿ, ಹೊಸ ಸಾಫ್ಟ್ ಮುಳ್ಳು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಮನೆಯವಳು ಇದಕ್ಕೆ ಪೂಜೆ ಅಂತಾಳ.

ಸೂಜಿಗಲ್ಲು, ಬರ್ಮಿಂಗ್‌ಹ್ಯಾಮ್

ಹಳಬರೇ, ಅಂಥದ್ದನ್ನು ಒಮ್ಮೆಯಾದರೂ ಕರೆಂಟಿನ ಟರ್ನ್‌ಟೇಬಲ್ ಮೇಲೆ 78ರ ಅಗಲವಾದ ಸೂಜಿ ಹಾಕಿ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ. ಎಲ್‌ಪಿ ಸೂಜಿ ಬೇಡ, ಅದು ಗೆರೆಯ ತಳಕ್ಕೆ ಬಿದ್ದು ಕಸ ಕೆರೆಯುತ್ತೆ. ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಕೆಲಸವನ್ನೇ ಮಾಡಿದ್ದು. ಇಳಿಸಿಟ್ಟ ಮೇಲೂ ಪೆಟ್ಟಿಗೆಯಲ್ಲಿ ಕೇಳುವ ಸುಖ ಬೇರೆ, ಅದನ್ನು ಬಿಡಿ ಅಂತ ಹೇಳ್ತಿಲ್ಲ.

ಕೀಲಿಕೈ ಸರ್, ನಿಮ್ಮೂರಿನ ಮಹಾರಾಜರ ಕಥೆ ಇಲ್ಲಿಯ ಸಂಗೀತದವರು ಈಗಲೂ ಹೇಳುತ್ತಾರೆ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಸಂಗೀತ ಪ್ಲೇಟಿಗೆ ಇಳಿಯಲಿ ಅಂತ ಜಯಚಾಮರಾಜ ಒಡೆಯರು ಹಣ ಕೊಟ್ಟರು, ಎಚ್‌ಎಂವಿ ಮುದ್ರಿಸಿತು. ಅವೂ 78ರವೇ. ಅದರ ಒಂದು ಸೆಟ್ ಕೈಗೆ ಸಿಗಲಿ ಅಂತ ನಾನು ಹುಡುಕುತ್ತಲೇ ಇದ್ದೇನೆ.

ಎರಡಾಣೆ, ದಾವಣಗೆರೆ

ಅಪ್ಪನ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ.

ಸರಿ. ಒಪ್ಪಿದೆ.

ಈಗ ಎಲ್ಲಿ ತಗೊಳ್ಳಲಿ ಹೇಳಿ. ಹೋದ ವರ್ಷ ಆನ್‌ಲೈನಲ್ಲಿ ನೂರು ಮುಳ್ಳಿನ ಪೊಟ್ಟಣ ತರಿಸಿದ್ದೆ. ಹಾಕಿದರೆ ಕುಕ್ಕರ್ ಸೀಟಿ ಹೊಡೆದ ಹಾಗೆ ಸದ್ದು. ವಾಪಸ್ ತಗೊಳ್ಳಲ್ಲ ಅಂದರು. ಅದಕ್ಕೇ ನನಗೆ ಹೊಸ ಮುಳ್ಳಿನ ಮೇಲೆ ನಂಬಿಕೆ ಹೋಗಿದ್ದು.

ಕೀಲಿಕೈ, ಮೈಸೂರು

ಬೆಳಕಿಗೆ ಹಿಡಿದು ನೋಡಿ ಬಂದು ಒಪ್ಪಿಕೊಂಡಿರಲ್ಲ ಸರ್, ಅದು ದೊಡ್ಡ ಮಾತು.

ಹೊಸ ಮುಳ್ಳಿನಲ್ಲಿ ಒಳ್ಳೆಯದೂ ಇದೆ, ಕಸವೂ ಇದೆ. ನಾನು ಮಾಡೋದು ಇಷ್ಟು. ಪೊಟ್ಟಣ ಬಿಚ್ಚಿ ಬಿಳಿ ಕಾಗದದ ಮೇಲೆ ಸುರೀತೀನಿ. ವಾಚ್ ರಿಪೇರಿಯವರು ಕಣ್ಣಿಗೆ ಹಾಕುವ ಗಾಜಿನಲ್ಲಿ ಒಂದೊಂದೇ ನೋಡ್ತೀನಿ. ಬೆರಳಲ್ಲಿ ಉರುಳಿಸುವಾಗ ತುದಿ ಒಂದೇ ಜಾಗದಲ್ಲಿ ನಿಲ್ಲಬೇಕು. ಅಲ್ಲಾಡಿದರೆ ಮುಳ್ಳು ಸೊಟ್ಟ. ತುದಿ ನಯವಾಗಿ, ಸಣ್ಣಗೆ ಗುಂಡಗೆ ಹೊಳೆಯಬೇಕು. ಮೊಂಡು, ಮುರಿದ ತುದಿ, ಕೊಕ್ಕೆ, ಪಕ್ಕದಲ್ಲಿ ಉದ್ದ ಗೀರು ಕಂಡರೆ ಕಸಕ್ಕೆ. ಆಮೇಲೆ ಪೊಟ್ಟಣದ ಒಂದು ಮುಳ್ಳನ್ನು ಬೇಡವಾದ ಪ್ಲೇಟಿನಲ್ಲಿ ಓಡಿಸಿ ಮತ್ತೆ ಗಾಜಿನಲ್ಲಿ ನೋಡೋದು. ಎರಡೂ ಕಡೆ ಸಮವಾಗಿ ತೇದಿರಬೇಕು. ಒಂದೇ ಕಡೆ ತೇದಿದ್ದರೆ ಮುಳ್ಳಿನದಲ್ಲ, ಸೌಂಡ್‌ಬಾಕ್ಸ್ ವಾಲಿದೆ ಅಂತ ಅರ್ಥ. ಪ್ಲೇಟಿಗೆ ಮುಳ್ಳು ಸುಮಾರು 60 ಡಿಗ್ರಿ ಓರೆಯಲ್ಲಿ ಇಳಿಯಬೇಕು. ಹಾರ್ನಿನ ಕಡೆಯಿಂದ ನೋಡಿದರೆ ನೆಟ್ಟಗೆ ನಿಂತಿರಬೇಕು.

ಅಂಗಡಿ ಹೆಸರು ಹೇಳಲ್ಲ. ಎಲ್ಲೇ ತಗೊಂಡರೂ ಮೊದಲು ಒಂದೇ ಪೊಟ್ಟಣ ತಗೊಳ್ಳಿ.

ಇನ್ನೊಂದು ಎಚ್ಚರಿಕೆ, ಹೊಸಬರು ಓದುತ್ತಿದ್ದರೆ. ಹೊಳೆಯುವ ಹಿತ್ತಾಳೆ ಹಾರ್ನು, ನಾಯಿ ಚಿತ್ರದ ಹೊಸ ಸ್ಟಿಕ್ಕರ್ ಅಂಟಿಸಿದ ಗ್ರಾಮಫೋನು ಪ್ರವಾಸಿ ಊರುಗಳ ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತವೆ. ಅವು ಹಳೇ ಮೋಟರಿಗೆ ಹೊಸ ಡಬ್ಬ ಕಟ್ಟಿದವು. ಸೌಂಡ್‌ಬಾಕ್ಸ್ ಕಬ್ಬಿಣದ ಗುಂಡಿನಂತಿರುತ್ತೆ. ಅದಕ್ಕೆ ಬಂಗಾರದ ಮುಳ್ಳು ಹಾಕಿದರೂ ಪ್ಲೇಟು ಉಳಿಯಲ್ಲ. ಮನೆಯಲ್ಲಿ ಇಟ್ಟು ಹೂವು ಮುಡಿಸಿ, ಅಷ್ಟೇ.

ಅರಗಿನಮನೆ, ಚನ್ನಪಟ್ಟಣ

ವೇಗವನ್ನೂ ನೋಡಿಕೊಳ್ಳಿ ತಂಗಿ. ಪ್ಲೇಟಿನ ಅಂಚಿನ ಕೆಳಗೆ ಸಣ್ಣ ಕಾಗದದ ಚೂರು ಸಿಕ್ಕಿಸಿ, ಹಾಡು ಓಡುವಾಗಲೇ ಎಣಿಸಿ. ಹತ್ತು ಸೆಕೆಂಡಿಗೆ 13 ಸುತ್ತು. ಮುಳ್ಳು ಇಳಿಸದೆ ಎಣಿಸಬೇಡಿ, ಮುಳ್ಳಿನ ಎಳೆತಕ್ಕೆ ವೇಗ ಸ್ವಲ್ಪ ತಗ್ಗುತ್ತೆ. ವೇಗ ನೋಡಲು ಪ್ಲೇಟಿನ ಮೇಲಿಡುವ 77 ಗೆರೆಯ ಸ್ಟ್ರೋಬೋಸ್ಕೋಪ್ ಚಕ್ರ ಇದ್ದರೆ, ವೇಗ ಸರಿಯಿದ್ದಾಗ ನಮ್ಮ 50 ಹರ್ಟ್ಸ್ ಕರೆಂಟಿನ ಬಲ್ಬಿನ ಕೆಳಗೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಎಲ್‌ಇಡಿ ಬಲ್ಬಿನಲ್ಲಿ ಅನೇಕ ಸಲ ಕಾಣಲ್ಲ, ಹಳೇ ಟ್ಯೂಬ್‌ಲೈಟ್ ಹುಡುಕಿ.

ತಾತನಪೆಟ್ಟಿಗೆ, ತಿಪಟೂರು

ಮೂರು ವಾರ ಆದ ಮೇಲೆ ಬರೀತಿದ್ದೀನಿ. ಕೀಲಿಕೈ ಅಣ್ಣ ಸೌಂಡ್‌ಬಾಕ್ಸಿಗೆ ಹೊಸ ರಬ್ಬರ್ ಹಾಕಿಕೊಟ್ಟರು, ಸ್ಪ್ರಿಂಗಿಗೆ ಗ್ರೀಸ್ ಬಳಿದರು. ಸಾಫ್ಟ್ ಮುಳ್ಳಿನ ಒಂದು ಪೊಟ್ಟಣ ತಂದೆ. ನೂರರಲ್ಲಿ ಹನ್ನೊಂದು ಕಸಕ್ಕೆ ಹೋದವು. ಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ಕೂತಿದ್ದ ನನ್ನನ್ನು ನೋಡಿ ಅಮ್ಮ "ಅಕ್ಕಿಯಲ್ಲೂ ಇಷ್ಟು ಚೆನ್ನಾಗಿ ಕಲ್ಲು ಆರಿಸು" ಅಂದರು.

ಬೂದಿಯಾದ ನಾಲ್ಕು ಪ್ಲೇಟನ್ನು ಬೇರೆ ಇಟ್ಟಿದ್ದೀನಿ. ಮುಳ್ಳು ಪರೀಕ್ಷೆಗೆ ಅವೇ. ಅದರಲ್ಲಿ ಒಂದು ನನಗೆ ತುಂಬ ಇಷ್ಟವಾಗಿದ್ದ ನಾಟಕದ ಹಾಡು, ಅದೇ ಸಂಕಟ.

ಭಾನುವಾರ ಅಜ್ಜಿಗೆ ಕಾಳಿಂಗರಾಯರನ್ನು ಹಾಕಿದೆ. ಅಜ್ಜಿಗೆ 86, ಕಿವಿ ಮಂದ. ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕೇಳಿದ್ದಕ್ಕೆ ಹೇಳಿದರು, ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸವೇ ಮುಳ್ಳು ಬದಲಾಯಿಸೋದು. ತಾತನ ದಪ್ಪ ಬೆರಳಿಗೆ ಆ ಸಣ್ಣ ಸ್ಕ್ರೂ ಹಿಡಿತಕ್ಕೆ ಸಿಗುತ್ತಿರಲಿಲ್ಲವಂತೆ. ಪೆಟ್ಟಿಗೆಯ ಮೂಲೆಯಲ್ಲಿ ಹೊರಗೆ ತಿರುಗುವ ಡಬ್ಬಿಯಿಂದ ಹೊಸದು ತೆಗೆಯೋದು, ಹಳೇದನ್ನು ಬೆಂಕಿಪೊಟ್ಟಣಕ್ಕೆ ಹಾಕೋದು. ಪೊಟ್ಟಣ ತುಂಬಿದರೆ ತಾತ ಅದನ್ನು ತೆಂಗಿನ ಬುಡಕ್ಕೆ ಹೂಳುತ್ತಿದ್ದರು, ಮಕ್ಕಳ ಕಾಲಿಗೆ ಚುಚ್ಚದಿರಲಿ ಅಂತ. ಹಾಗಾದರೆ ನಾನು ಪೆಟ್ಟಿಗೆಯಲ್ಲಿ ಕಂಡ ಆ ಮುಳ್ಳು ತಾತ ಕೊನೇ ಸಲ ಕೇಳಿದ ಹಾಡಿನದು. ಆಮೇಲೆ ಯಾರೂ ಬದಲಾಯಿಸಿರಲಿಲ್ಲ.

ಮೊದಲ ಮಗ್ಗುಲು ಮುಗಿಯಿತು. ಮಾತಿನಲ್ಲಿ ಮರೆತು ಪ್ಲೇಟು ಮಗುಚಿ ಹಾಗೇ ಇಳಿಸಿಬಿಟ್ಟೆ. ಎರಡನೇ ಸಾಲು ಬರುವಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯ ದನಿ: "ಮುಳ್ಳು ಬದಲಾಯಿಸಲಿಲ್ಲ ಅಲ್ವೇನೇ?"